ನದಿ ಹಿಡಿದು ಹಿಮದವರೆಗೆ

ರಾಷ್ಟ್ರೀಯ ಉದ್ಯಾನದ ನಿಸ್ಕ್ವಾಲಿ ದ್ವಾರ ದಾಟಿದ ಕೂಡಲೇ ಬೆಳಕಿಗೆ ಹಸಿರು ಬಣ್ಣ ಹತ್ತುತ್ತದೆ. ಡಗ್ಲಸ್ ಫರ್, ಸೀಡರ್, ಹೆಮ್‌ಲಾಕ್ ಮರಗಳು ರಸ್ತೆಯ ಇಕ್ಕೆಲದಲ್ಲೂ ಒತ್ತಾಗಿ ನಿಂತಿವೆ. ಕತ್ತೆತ್ತಿದರೂ ತುದಿ ಕಾಣದು. ಕೊಂಬೆಗಳಿಂದ ಪಾಚಿ ಜಡೆಜಡೆಯಾಗಿ ಇಳಿಬಿದ್ದಿದೆ. ನಾವು ಬಂದಿರುವುದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್‌ಗೆ. 14,410 ಅಡಿ ಎತ್ತರದ ಜ್ವಾಲಾಮುಖಿ ಅದು, ಇನ್ನೂ ಜೀವ ಹಿಡಿದಿದೆ. ಸಿಯಾಟಲ್‌ನಲ್ಲಿ ಮೋಡ ಸರಿದ ದಿನ ದಿಗಂತದಲ್ಲಿ ಬೆಳ್ಳಗೆ ತೇಲುವ ಬೆಟ್ಟ ಬುಡಕ್ಕೆ ಬಂದಾಗ ಕಾಡಿನ ಹಿಂದೆ ಮರೆಯಾಗಿಬಿಡುತ್ತದೆ. ಇಲ್ಲಿ ಮೊದಲು ಸಿಗುವುದು ನದಿಯ ಸದ್ದು.

ಲಾಂಗ್‌ಮೈರ್‌ನಲ್ಲಿ ಕಾರು ನಿಲ್ಲಿಸಿ ಆ ಸದ್ದಿನ ಬೆನ್ನು ಹತ್ತುತ್ತೇವೆ. 1883ರಲ್ಲಿ ಜೇಮ್ಸ್ ಲಾಂಗ್‌ಮೈರ್ ಎಂಬಾತ ಇಲ್ಲಿನ ಖನಿಜ ನೀರಿನ ಬುಗ್ಗೆಗಳನ್ನು ಕಂಡು, ಮುಂದೆ ಇಲ್ಲೇ ವಸತಿಗೃಹ ಕಟ್ಟಿದ. ಹತ್ತಿರದಲ್ಲೇ ನಿಸ್ಕ್ವಾಲಿ ನದಿ. ಎಂಥ ನೀರು ಇದು! ಬೂದಿ ಕದಡಿದ ಹಾಲಿನ ಬಣ್ಣ. ಮೇಲೆ ಹಿಮನದಿ ತನ್ನ ಭಾರಕ್ಕೆ ಜಾರುತ್ತ ಬಂಡೆಯನ್ನು ಹಿಟ್ಟು ಹಿಟ್ಟಾಗಿ ಅರೆಯುತ್ತದೆ. ಆ ಹಿಟ್ಟು ತಳಕ್ಕಿಳಿಯದೆ ನೀರಿನಲ್ಲೇ ತೇಲಿ ಬರುತ್ತದೆ. ದಂಡೆಯಲ್ಲಿ ಉಸಿರು ಬಿಗಿಹಿಡಿದು ನಿಂತರೆ ಮೊರೆತದ ಅಡಿಯಲ್ಲಿ ಇನ್ನೊಂದು ದನಿ: ಧಡ್, ಧಡ್. ನೀರಿನೊಳಗೆ ಬಂಡೆಗೆ ಬಂಡೆ ಬಡಿಯುತ್ತಿದೆ. ಬೆಟ್ಟ ಕರಗಿ ಸಾಗಿ ಹೋಗುವ ಸದ್ದು ಇದು, ಹಗಲಿರುಳೂ ನಡೆದೇ ಇದೆ. 2006ರ ನವೆಂಬರಿನಲ್ಲಿ 36 ಗಂಟೆಗಳಲ್ಲಿ 18 ಇಂಚು ಮಳೆ ಸುರಿದಾಗ ಇದೇ ನದಿ ರಸ್ತೆಯನ್ನೂ ಒಂದು ಇಡೀ ಕ್ಯಾಂಪ್ ಮೈದಾನವನ್ನೂ ಕೊಚ್ಚಿಕೊಂಡು ಹೋಯಿತು. ಉದ್ಯಾನ ಆರು ತಿಂಗಳು ಬಾಗಿಲು ಹಾಕಿತ್ತು.

ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಒಂದು ತಿರುವಿನಲ್ಲಿ ಕಾಡು ಸರಿದು, ಅಗೋ, ಇಡೀ ಆಕಾಶ ಬೆಟ್ಟವೇ! ನೀಲಿ ಬಿರುಕುಗಳ ಹಿಮ, ನಡುನಡುವೆ ಕಪ್ಪು ಬಂಡೆಯ ಏಣು. 1792ರಲ್ಲಿ ಹಡಗಿನಲ್ಲಿ ಬಂದ ಜಾರ್ಜ್ ವ್ಯಾಂಕೂವರ್ ಇದಕ್ಕೆ ತನ್ನ ಗೆಳೆಯ ಪೀಟರ್ ರೇನಿಯರ್‌ನ ಹೆಸರಿಟ್ಟ. ಆ ರೇನಿಯರ್ ಈ ಬೆಟ್ಟವನ್ನು ಎಂದೂ ನೋಡಲಿಲ್ಲ. ಅವನು ಕಂಡದ್ದು ನಮ್ಮ ಕಡಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹಿಂದೂ ಮಹಾಸಾಗರದ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಅವನೇ. ಈ ನದಿಗಳ ನೀರು ಕುಡಿದು, ಸಾಲ್ಮನ್ ಮೀನು ಹಿಡಿದು ತಲೆಮಾರುಗಳಿಂದ ಬಾಳಿದ ಮೂಲನಿವಾಸಿಗಳು ಕರೆದದ್ದು ತಹೋಮಾ ಎಂದು. ನನಗೆ ಆ ಹೆಸರೇ ಸರಿ.

ಮುಂದೆ ಮರದ ಫಲಕದಲ್ಲಿ ಬರೆದಿದೆ: ನಾರದ ಜಲಪಾತ. ಓದಿ ಮೈ ಜುಮ್ಮೆನ್ನುತ್ತದೆ. ಟಕೋಮಾ ಊರಿನ ಥಿಯಾಸಫಿಸ್ಟರು 1893ರಲ್ಲಿ ಇಟ್ಟ ಹೆಸರು. ಅವರ ಶಾಖೆಯ ಹೆಸರೂ ನಾರದ ಎಂದೇ. ಪ್ಯಾರಡೈಸ್ ನದಿ ನೂರೈವತ್ತು ಅಡಿಗೂ ಮಿಕ್ಕಿದ ಬಂಡೆಯಿಂದ ಬಿಳಿ ಸೆರಗಾಗಿ ಇಳಿಯುತ್ತಿದೆ. ಕೆಳಗಿನ ಕಟ್ಟೆಯವರೆಗೂ ತುಂತುರು ಹಾರಿ ಅಂಗಿ ತೊಯ್ಯುತ್ತದೆ, ಆ ತುಂತುರಿನಲ್ಲೇ ಕಾಮನಬಿಲ್ಲು ನಿಂತಿದೆ. ನಿಂತಲ್ಲಿ ನಿಲ್ಲದೆ ಮೂರು ಲೋಕ ಸುತ್ತುವ ಮುನಿಯ ಹೆಸರು ಈ ನೀರಿಗೆ ಚೆನ್ನಾಗಿಯೇ ಒಪ್ಪಿದೆ.

ಪ್ಯಾರಡೈಸ್ ಎಂಬ ತಾಣಕ್ಕೆ ಬಂದಾಗ 5,400 ಅಡಿ ಎತ್ತರಕ್ಕೆ ಏರಿದ್ದೇವೆ. ಜುಲೈ ತಿಂಗಳು, ಬಿಸಿಲು ಚುರುಕಾಗಿದೆ, ಆದರೂ ನೆರಳಿನಲ್ಲೆಲ್ಲ ಹಿಮ. 1971-72ರ ಚಳಿಗಾಲದಲ್ಲಿ ಇಲ್ಲಿ ಒಟ್ಟು 1,122 ಇಂಚು ಹಿಮ ಬಿತ್ತು, ಅಂದರೆ 93.5 ಅಡಿ. 1917ರಿಂದ ಇಂಥ ಹೊರೆ ಹೊತ್ತು ನಿಂತಿರುವ ಪ್ಯಾರಡೈಸ್ ಇನ್ ವಸತಿಗೃಹದ ದಪ್ಪ ಸೀಡರ್ ತೊಲೆಗಳನ್ನು ಮುಟ್ಟಿ ನೋಡದೆ ಮುಂದೆ ಹೋಗಲಾಗಲಿಲ್ಲ. ಚಳಿಗಾಲದಲ್ಲಿ ಮಕ್ಕಳು ಇಲ್ಲಿ ಪ್ಲಾಸ್ಟಿಕ್ ತಟ್ಟೆಗಳ ಮೇಲೆ ಕೂತು ಜಾರುತ್ತಾರೆ, ದೊಡ್ಡವರು ಅಗಲವಾದ ಹಿಮಪಾದುಕೆ ಕಟ್ಟಿ ರೇಂಜರ್‌ಗಳ ಹಿಂದೆ ನಡೆಯುತ್ತಾರೆ.

ಸ್ಕೈಲೈನ್ ಎಂಬ ಕಾಲುದಾರಿಯಲ್ಲಿ ಹೆಜ್ಜೆಗೊಂದು ಅಚ್ಚರಿ. ಹಿಮದ ಅಂಚನ್ನೇ ತೂತು ಮಾಡಿ ಅವಲಾಂಚ್ ಲಿಲಿ ಹೂ ತಲೆಯೆತ್ತಿದೆ, ಅಪ್ಪಟ ಬಿಳಿ, ಎದೆಯಲ್ಲಿ ಹಳದಿ. ಎಲ್ಲಿಂದಲೋ ಸಿಳ್ಳೆ, ತಿರುಗಿದರೆ ಬಂಡೆಯ ಮೇಲೆ ಕೊಬ್ಬಿದ ಮಾರ್ಮಟ್ ಒಂದು ನಿಂತಿದೆ. ಒಂದು ಇಳಿಜಾರಿನಲ್ಲಿ ಹಿಮವೇ ಗುಲಾಬಿ! ಚಳಿಯಲ್ಲೇ ಬೆಳೆಯುವ ಸೂಕ್ಷ್ಮ ಪಾಚಿಯ ಬಣ್ಣವಂತೆ ಅದು.

ಅಲ್ಲೇ ಕನ್ನಡ ಕಿವಿಗೆ ಬೀಳುತ್ತದೆ. ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡ ತುಮಕೂರು ಕಡೆಯ ಅಜ್ಜಿ ಮೊಮ್ಮಗಳ ಕೈ ಹಿಡಿದು ನಿಂತಿದ್ದಾರೆ. ಮುಷ್ಟಿಯಲ್ಲಿ ಹಿಮ. "ನೋಡಮ್ಮ, ಬೆಳಗ್ಗೆ ಕೆಳಗೆ ಹೊಳೆ ನೋಡಿದ್ವಲ್ಲ, ಅದೇ ಇದು. ಇಲ್ಲಿ ಗಟ್ಟಿಯಾಗಿ ಕೂತಿದೆ" ಅನ್ನುತ್ತಾರೆ. ನಾನು ದಿನವಿಡೀ ಕಂಡದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಮೇಲಿನಿಂದ ಹಗ್ಗ, ಹಿಮಗೊಡಲಿ ಹೊತ್ತವರು ಇಳಿಯುತ್ತಿದ್ದಾರೆ. ಕೆಲವರು ಸ್ಕೀ ಮೇಲೆ ಸರ್ರನೆ ಬಳುಕುತ್ತ, ಕೆಲವರು ಹಿಮದ ಮೇಲೆ ಕೂತೇ ಜಾರುತ್ತ. ಈ ಕಡೆಯಿಂದ ತುದಿ ಮುಟ್ಟುವವರಲ್ಲಿ ಹೆಚ್ಚಿನವರು ಹತ್ತು ಸಾವಿರ ಅಡಿಯ ಕ್ಯಾಂಪ್ ಮ್ಯೂರ್‌ನಲ್ಲಿ ತಂಗಿ ನಡುರಾತ್ರಿ ಹೊರಡುತ್ತಾರೆ. 1870ರಲ್ಲಿ ಹಜಾರ್ಡ್ ಸ್ಟೀವನ್ಸ್, ವ್ಯಾನ್ ಟ್ರಂಪ್ ಎಂಬ ಇಬ್ಬರು ಆರೋಹಿಗಳು ತುದಿ ತಲುಪಿದಾಗ ಸಂಜೆಯಾಗಿತ್ತು. ಜ್ವಾಲಾಮುಖಿಯ ಬಿಸಿ ಹಬೆ ಹಿಮದೊಳಗೆ ಕೊರೆದ ಗುಹೆಯೊಂದರಲ್ಲಿ ಕೂತು ಅವರು ಆ ರಾತ್ರಿ ಬದುಕಿಕೊಂಡರು.

ಗ್ಲೇಸಿಯರ್ ವಿಸ್ತಾ ಎಂಬ ನೋಟದ ತಾಣದಲ್ಲಿ ನಿಂತರೆ ಎದುರಿಗೇ ನಿಸ್ಕ್ವಾಲಿ ಹಿಮನದಿ, ಬಿರುಕು ಬಿರುಕಾಗಿ ಕಣಿವೆಗೆ ಇಳಿದಿದೆ. ದೂರದಲ್ಲಿ ಗುಡುಗಿನಂಥ ಸದ್ದು. ಎಲ್ಲೋ ಮಂಜುಗಡ್ಡೆ ಕಳಚಿ ಬಿತ್ತು. 1840ರ ಹೊತ್ತಿಗೆ ಇದರ ಮೂತಿ ಈಗ ರಸ್ತೆಯ ಸೇತುವೆ ಇರುವ ಜಾಗಕ್ಕಿಂತಲೂ ಕೆಳಗಿತ್ತು. ಇಂದು ಅಲ್ಲಿಂದ ಒಂದು ಮೈಲಿಗೂ ಹೆಚ್ಚು ಹಿಂದೆ ಸರಿದಿದೆ, ಇನ್ನೂ ಸರಿಯುತ್ತಿದೆ. ಸುಮಾರು 80 ಮೈಲಿ ಹರಿದು ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚನ್ನು ಸೇರುವ ನದಿಗೆ ಬೇಸಿಗೆಯಲ್ಲಿ ತಣ್ಣೀರು ಕೊಡುವುದು ಈ ಮಂಜುಗಡ್ಡೆಯೇ. ಸಾಲ್ಮನ್‌ಗಳಿಗೆ ಆ ತಂಪು ಬೇಕು.

ಮಕ್ಕಳ ಮನೆಗೆಂದು ಸಿಯಾಟಲ್‌ಗೆ ಬರುವ ಅಪ್ಪ ಅಮ್ಮಂದಿರೇ, ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಒಂದು ದಿನ ಕೇಳಿ ಪಡೆಯಿರಿ, ಬೆಳಗಾಗುವ ಮೊದಲೇ ಹೊರಡಿಸಿ. ಲಾಂಗ್‌ಮೈರ್‌ನಲ್ಲಿ ನದಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮೇಲೆ ಹೂವಿನ ಬಯಲಿನಲ್ಲಿ ಫೋಟೊಗೆಂದು ಮಾತ್ರ ದಾರಿ ಬಿಟ್ಟು ಇಳಿಯಬೇಡಿ. ವರ್ಷದ ಬಹುಪಾಲು ಹಿಮದಡಿ ಇರುವ ಆ ಗಿಡಗಳಿಗೆ ತುಳಿತದಿಂದ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.