ಘರ್ಷಣೆಗೆ ಕರುಣೆಯಿಲ್ಲ

ಮೋಟಾರ್ ಸೈಕಲ್ ರೇಸಿನಲ್ಲಿ ಗೆಲ್ಲುವುದು ಸವಾರನೋ, ಬೈಕಿನೊಳಗಿನ ಕಂಪ್ಯೂಟರೋ? ರೇಸ್‌ಪ್ರಿಯರ ಈ ಜಗಳ ಮುಗಿಯುವಂಥದಲ್ಲ.

2001ರವರೆಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಮೇಲ್ದರ್ಜೆಯಲ್ಲಿ 500 ಸಿ.ಸಿ. ಬೈಕುಗಳದೇ ಆಳ್ವಿಕೆ. ತಿರುವಿನಲ್ಲಿ ವಾಲಿರುವಾಗ ಆಕ್ಸಿಲರೇಟರ್ ತುಸು ಹೆಚ್ಚಾದರೂ ಹಿಂದಿನ ಚಕ್ರ ಜಾರುತ್ತಿತ್ತು. ಮರುಕ್ಷಣ ಟೈರಿಗೆ ಹಿಡಿತ ಸಿಕ್ಕರೆ ಸವಾರ ಕವಣೆಕಲ್ಲಿನಂತೆ ಹಾರುತ್ತಿದ್ದ. 1992ರಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಬಿದ್ದ ಆಸ್ಟ್ರೇಲಿಯದ ಮಿಕ್ ಡೂಹನ್ ಬಲಗಾಲನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಕಾಲಿನ ಬ್ರೇಕ್ ಒತ್ತಲಾಗದೆ ಹೆಬ್ಬೆರಳಿನ ಬ್ರೇಕ್ ಹಾಕಿಸಿಕೊಂಡರು. 1994ರಿಂದ 1998ರವರೆಗೆ ಸತತ ಐದು ಬಾರಿ ಚಾಂಪಿಯನ್ ಆದರು.

ಇಂದು ಎರಡೂ ಚಕ್ರಗಳ ವೇಗವನ್ನು ಸಂವೇದಕಗಳು ಅಳೆಯುತ್ತವೆ. ಹಿಂದಿನದು ಮಿತಿಮೀರಿ ತಿರುಗಿದರೆ ಕಂಪ್ಯೂಟರ್ ಎಂಜಿನ್ನಿನ ಬಲ ತಗ್ಗಿಸುತ್ತದೆ. ಇದರಿಂದ ಎಷ್ಟೋ ಮೂಳೆಗಳು ಉಳಿದಿವೆ. ಆದರೆ ಟೈರು–ರಸ್ತೆಗಳ ನಡುವಿನ ಘರ್ಷಣೆ ಎಳ್ಳಷ್ಟೂ ಹೆಚ್ಚುವುದಿಲ್ಲ. ಅದರ ಅಂಚನ್ನು ಅರಿಯಬೇಕಾದವನು ಸವಾರನೇ. ಬ್ರೇಕಂತೂ ಅವನ ಕೈಯಲ್ಲೇ ಇದೆ: ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್‌ಗೆ ಮೋಟೋಜಿಪಿಯಲ್ಲಿ ಅವಕಾಶವಿಲ್ಲ.

ರೇಸಿನ ಮಾತು ಹಾಗಿರಲಿ. ಬೈಕ್ ಕೇಳುವ ಮಗನಿಗೆ ಎಬಿಎಸ್ ಇರುವುದನ್ನೇ ಕೊಡಿಸಿ. ಜೊತೆಗೆ, ಮರಳು ಬಿದ್ದ ತಿರುವಿನಲ್ಲಿ ನಿಧಾನಿಸುವುದನ್ನೂ ಕಲಿಸಿ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.