ಹೊಳೆ ದಾಟಿದರೆ ಹನ್ನೊಂದು ದಿನ

2024ರ ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ ಒಂಬತ್ತಾಗುವ ಮೊದಲೇ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ಸೆಕೆಗೆ ಅಂಗಿ ಬೆನ್ನಿಗೆ ಅಂಟಿದೆ. "ಕೋಟ, ತೆಕ್ಕಟ್ಟೆ, ಕುಂದಾಪ್ರ, ಬೈಂದೂರ್..." ಕಂಡಕ್ಟರ್ ಒಂದೇ ಉಸಿರಿಗೆ ಕೂಗುತ್ತಾನೆ. ಹತ್ತಿ, ಬಲಬದಿಯ ಸೀಟು ಬಿಟ್ಟು ಎಡಬದಿಯಲ್ಲಿ ಕೂತುಕೊಳ್ಳಿ. ಬಿಸಿಲು ಕಡಿಮೆ, ಮುಂದೆ ಕಡಲೂ ಕಾಣುತ್ತದೆ. ಪಕ್ಕದಲ್ಲಿ ಕೂತ ಹೆಂಗಸು ಮುಂದಿನ ಸೀಟಿನ ಸರಳು ಹಿಡಿದಿದ್ದಾರೆ. ಎಡಗೈ ತೋರುಬೆರಳ ಉಗುರಿನ ಮೇಲೆ ಮೈಸೂರಿನಲ್ಲಿ ತಯಾರಾದ ಶಾಯಿಯ ಗೆರೆ ಇನ್ನೂ ಪೂರ್ತಿ ಒಣಗಿಲ್ಲ. ಇವತ್ತು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಮತದಾನ.

ಬಸ್ಸು ಹೊರಡುವ ಮುಂಚೆ ಬ್ರಹ್ಮಾವರ ಪೇಟೆಯನ್ನು ಒಮ್ಮೆ ನೋಡಿಕೊಳ್ಳಿ. ಈ ಊರಿನ ಹೆಸರಿನಲ್ಲೊಂದು ವಿಧಾನಸಭಾ ಕ್ಷೇತ್ರವಿತ್ತು. ಕೆ. ಜಯಪ್ರಕಾಶ್ ಹೆಗ್ಡೆ 1994ರಲ್ಲಿ ಜನತಾದಳದಿಂದ ಗೆದ್ದದ್ದು ಇಲ್ಲಿಂದ. 1999 ಮತ್ತು 2004ರಲ್ಲಿ ಪಕ್ಷದ ಹಂಗೇ ಇಲ್ಲದೆ, ಪಕ್ಷೇತರರಾಗಿ ಗೆದ್ದದ್ದೂ ಇಲ್ಲಿಂದಲೇ. 2008ರ ಚುನಾವಣೆಗೆ ನಿಲ್ಲೋಣವೆಂದರೆ ಅವರ ಕಾಲಡಿಯ ಕ್ಷೇತ್ರವೇ ಇರಲಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಮರುವಿಂಗಡಣಾ ಆಯೋಗ 2001ರ ಜನಗಣತಿ ಎದುರಿಗಿಟ್ಟುಕೊಂಡು ಗೆರೆ ಎಳೆದಾಗ ಬ್ರಹ್ಮಾವರ ಅಳಿಸಿಹೋಯಿತು. ಪೇಟೆ ಉಡುಪಿ ವಿಧಾನಸಭಾ ಕ್ಷೇತ್ರದ ಪಾಲಾಯಿತು, ಕೋಟ-ಸಾಲಿಗ್ರಾಮದ ಕಡೆ ಕುಂದಾಪುರದ ಪಾಲಾಯಿತು.

ಕಾರಣ ಸರಳ. ರಾಜ್ಯದ ಒಟ್ಟು ಸ್ಥಾನ 224 ಎಂಬುದು ಬದಲಾಗುವಂತಿರಲಿಲ್ಲ, ಬೆಂಗಳೂರು ಮಾತ್ರ ಊದುತ್ತಲೇ ಇತ್ತು. ಅಲ್ಲಿ ಕೂಡಬೇಕಾದರೆ ಇನ್ನೆಲ್ಲೋ ಕಳೆಯಬೇಕು. ಉಡುಪಿ ಜಿಲ್ಲೆಯ ಆರು ಕ್ಷೇತ್ರ ಐದಾಯಿತು, ದಕ್ಷಿಣ ಕನ್ನಡದ ಒಂಬತ್ತು ಎಂಟಾಯಿತು, ಬೆಂಗಳೂರು ನಗರದ್ದು 28ಕ್ಕೆ ಏರಿತು. ಇದರಲ್ಲಿ ಕರಾವಳಿಯವರದೂ ಪಾಲಿದೆ ಎಂದು ನನಗೆ ಅನ್ನಿಸುತ್ತದೆ. ಬೆಂಗಳೂರಿನ ಹೋಟೆಲುಗಳ ಗಲ್ಲಾದ ಹಿಂದೆ ಕೂತ, ಅಡುಗೆಮನೆಯಲ್ಲಿ ದೋಸೆ ಹುಯ್ದ ಈ ಸೀಮೆಯ ಹುಡುಗರ ತಲೆಗಳೂ ಆ ಊರಿನ ಲೆಕ್ಕಕ್ಕೇ ಸೇರಿದವಲ್ಲ! ಊರು ಬಿಟ್ಟವರು ಹೋದಲ್ಲೆಲ್ಲ ಊರಿನ ಶಾಸಕನ ಕುರ್ಚಿಯ ಒಂದೊಂದು ಕಾಲನ್ನೂ ಹೊತ್ತುಕೊಂಡು ಹೋಗಿದ್ದರು. ಹತ್ತು ವರ್ಷದ ಮೇಲೆ, 2018ರ ಹೊತ್ತಿಗೆ, ಬ್ರಹ್ಮಾವರ ತಾಲೂಕು ಕೇಂದ್ರವಾಯಿತು. ತಹಶೀಲ್ದಾರರು ಬಂದರು. ಶಾಸಕ ಸ್ಥಾನ ಬರಲಿಲ್ಲ.

ಬಸ್ಸು ಮಾಬುಕಳ ಸೇತುವೆ ದಾಟುತ್ತಿದೆ. ಕೆಳಗೆ ಹೊಳೆ ಅಗಲವಾಗಿ, ಆತುರವಿಲ್ಲದೆ ಕಡಲಿಗೆ ಹೋಗುತ್ತಿದೆ. ಸಾಸ್ತಾನ, ಸಾಲಿಗ್ರಾಮ, ಆಮೇಲೆ ಕೋಟ. ಶಾಲೆಗಳ ಗೇಟಿನೆದುರು ಸಾಲು, ಸಾಲಿನ ಮೇಲೆ ಶಾಮಿಯಾನ, ಕರೆತಂದ ಅಜ್ಜಿಯನ್ನು ರಿಕ್ಷಾದಿಂದ ಇಳಿಸುತ್ತಿರುವ ಮೊಮ್ಮಗ. ಮೈಕು ಎರಡು ದಿನದ ಹಿಂದೆಯೇ ಬಂದ್ ಆಗಿದೆ. ಕೋಟದಲ್ಲಿ ಈ ಸಲ ಮಾತಿಗೆ ಹೆಚ್ಚು ಕಾವು, ಏಕೆಂದರೆ ಬಿಜೆಪಿಯ ಅಭ್ಯರ್ಥಿ ಇದೇ ಊರಿನ ಕೋಟ ಶ್ರೀನಿವಾಸ ಪೂಜಾರಿ. ಗ್ರಾಮ ಪಂಚಾಯಿತಿಯಿಂದ ಮೇಲೆ ಬಂದವರು, ಮಂತ್ರಿಯಾದವರು. ಎದುರಿಗೆ ಕಾಂಗ್ರೆಸ್ಸಿನಿಂದ ಅದೇ ಜಯಪ್ರಕಾಶ್ ಹೆಗ್ಡೆ. ಅಳಿಸಿಹೋದ ಕ್ಷೇತ್ರದ ಹಳೆಯ ಶಾಸಕರು ಒಂದು ಕಡೆ, ಆ ಸೀಮೆಯಲ್ಲೇ ಬೆಳೆದ ಪಂಚಾಯಿತಿ ಸದಸ್ಯರು ಇನ್ನೊಂದು ಕಡೆ. ಇವರಿಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದವರಲ್ಲಿ ಮೂಡಿಗೆರೆಯ ಕಾಫಿ ಬೆಳೆಗಾರರಿದ್ದಾರೆ, ತರೀಕೆರೆಯ ಅಡಿಕೆ ತೋಟದವರಿದ್ದಾರೆ, ಶೃಂಗೇರಿಯ ಮಳೆಯಲ್ಲಿ ಬದುಕುವವರಿದ್ದಾರೆ.

ಎಂಟು ವಿಧಾನಸಭಾ ಕ್ಷೇತ್ರಗಳ ಕ್ಷೇತ್ರವಿದು. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಘಟ್ಟದ ಕೆಳಗೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಘಟ್ಟದ ಮೇಲೆ. ನಾಲ್ಕು-ನಾಲ್ಕು, ತಕ್ಕಡಿಯಲ್ಲಿಟ್ಟ ಹಾಗೆ. ಕೆಳಗಿನವರು ಬಂದರು, ಕಡಲ್ಕೊರೆತ, ಡೀಸೆಲ್ ಸಬ್ಸಿಡಿ ಎನ್ನುತ್ತಾರೆ. ಮೇಲಿನವರು ಆನೆ, ಕಾಫಿ ಧಾರಣೆ ಎನ್ನುತ್ತಾರೆ. ಪಶ್ಚಿಮಘಟ್ಟದ ಸಂರಕ್ಷಣೆಯ ಕಸ್ತೂರಿರಂಗನ್ ವರದಿ ಎಂದರೆ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಹುಬ್ಬು ಗಂಟಿಕ್ಕುತ್ತಾರೆ.

ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ ದಾಟಿ ಕುಂದಾಪುರದ ಶಾಸ್ತ್ರಿ ಸರ್ಕಲ್. ಇಲ್ಲಿ ಇಳಿಯಿರಿ. ಬಸ್ಸು ಹೋದರೆ ಹೋಗಲಿ, ಹಿಂದೆಯೇ ಇನ್ನೊಂದು ಬರುತ್ತದೆ. ರಿಕ್ಷಾ ಹಿಡಿದು ಕೋಡಿಗೆ ಹೋಗಿ, ಅಳಿವೆಯ ಬಾಯಲ್ಲಿ ನಿಲ್ಲಿ. ಎಡಕ್ಕೆ ಕಡಲು. ಬಲಕ್ಕೆ ಪಂಚಗಂಗಾವಳಿ, ಐದು ಹೊಳೆಗಳು ಕೂಡಿ ಬಂದ ನೀರು. ಎದುರಿಗೆ, ಕೂಗಿದರೆ ಕೇಳಿಸೀತು ಎನ್ನುವಷ್ಟು ಹತ್ತಿರದಲ್ಲಿ, ಗಂಗೊಳ್ಳಿಯ ಮೀನುಗಾರಿಕಾ ಬಂದರು. ದೋಣಿಗಳ ಬಣ್ಣ ಕಾಣುತ್ತದೆ. ಗಾಳಿ ಈ ಕಡೆ ತಿರುಗಿದರೆ ಒಣಮೀನಿನ ವಾಸನೆಯೂ ಬರುತ್ತದೆ. ಅಲ್ಲಿ ಇವತ್ತು ಯಾರ ಬೆರಳಿನಲ್ಲೂ ಶಾಯಿ ಇಲ್ಲ.

ಗಂಗೊಳ್ಳಿ ಇರುವುದು ಉಡುಪಿ ಜಿಲ್ಲೆಯಲ್ಲಿ, ಕುಂದಾಪುರ ತಾಲೂಕಿನಲ್ಲಿ. ವಿಧಾನಸಭೆಗೆ ಅದು ಬೈಂದೂರು, ಲೋಕಸಭೆಗೆ ಶಿವಮೊಗ್ಗ. ಶಿವಮೊಗ್ಗದ ಮತದಾನ ಮೇ 7ಕ್ಕೆ. ಬಲೆಯನ್ನು ಒಂದೇ ಅಳಿವೆಯಿಂದ ಹೊರಗೆ ಒಯ್ಯುವ ಎರಡು ದಡದ ಮೀನುಗಾರರು ಎರಡು ಬೇರೆ ದಿನ, ಎರಡು ಬೇರೆ ಮತಯಂತ್ರದೆದುರು ನಿಲ್ಲುತ್ತಾರೆ. 2019ರಲ್ಲೂ ಹೀಗೇ ಆಗಿತ್ತು: ಈ ದಡಕ್ಕೆ ಏಪ್ರಿಲ್ 18, ಆ ದಡಕ್ಕೆ ಏಪ್ರಿಲ್ 23. ಉಪಚುನಾವಣೆ ಬಂದರಂತೂ ಒಂದು ದಡದಲ್ಲಿ ಜಾತ್ರೆ, ಇನ್ನೊಂದರಲ್ಲಿ ಬರೀ ನೋಟ. ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಲೋಕಸಭೆ ಬಿಟ್ಟಾಗ, 2012ರ ಮಾರ್ಚಿನಲ್ಲಿ ಕುಂದಾಪುರದವರು ಮತ್ತೆ ಬೂತಿಗೆ ಹೋದರು, ಕಾಂಗ್ರೆಸ್ಸಿನ ಹೆಗ್ಡೆ ಗೆದ್ದರು. ಗಂಗೊಳ್ಳಿಯವರು ಅಲ್ಲಿಂದಲೇ ನೋಡಿದರು. 2018ರ ನವೆಂಬರ್ 3ರಂದು ಸರದಿ ತಿರುಗಿತು. ಯಡಿಯೂರಪ್ಪ ಸಂಸತ್ತು ಬಿಟ್ಟ ಕಾರಣಕ್ಕೆ ಗಂಗೊಳ್ಳಿಯವರು ಸಾಲು ನಿಂತರು, ಕೋಡಿಯವರು ಅಂದು ಎಂದಿನಂತೆ ಕೆಲಸಕ್ಕೆ ಹೋದರು.

ಹಾಗೆಂದು ಈ ದಡಗಳು ಯಾವಾಗಲೂ ಬೇರೆಯಾಗಿರಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಇದೆಲ್ಲ ಮದರಾಸು ರಾಜ್ಯ, ಕ್ಷೇತ್ರದ ಹೆಸರು ದಕ್ಷಿಣ ಕೆನರಾ ಉತ್ತರ, ಗೆದ್ದವರು ಯು. ಶ್ರೀನಿವಾಸ ಮಲ್ಯ. 1957ರಿಂದ ಅದು ಉಡುಪಿ ಕ್ಷೇತ್ರ, ಆಗಲೂ 1962ರಲ್ಲೂ ಮಲ್ಯರೇ. ಬಜ್ಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎಂದರೆ ಹಳಬರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ. 1967ರಲ್ಲಿ ಊರು ಒಮ್ಮೆ ಮಗ್ಗುಲು ಬದಲಿಸಿ ಸ್ವತಂತ್ರ ಪಕ್ಷದ ಜೆ.ಎಂ. ಲೋಬೊ ಪ್ರಭು ಅವರನ್ನು ಕಳಿಸಿತು. ಅವರು ಐಸಿಎಸ್ ಅಧಿಕಾರಿಯಾಗಿದ್ದವರು. 1971ರಲ್ಲಿ ಪಿ. ರಂಗನಾಥ ಶೆಣೈ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗಲೂ ಇಲ್ಲಿ ಟಿ.ಎ. ಪೈ ಗೆದ್ದರು. 1980ರಿಂದ ಸತತ ಐದು ಸಲ ಆಸ್ಕರ್ ಫರ್ನಾಂಡಿಸ್. 1998ರಲ್ಲಿ ಐ.ಎಂ. ಜಯರಾಮ ಶೆಟ್ಟರು ಬಿಜೆಪಿಯ ಬಾವುಟ ನೆಟ್ಟರು, ಮರುವರ್ಷ ವಿನಯ ಕುಮಾರ್ ಸೊರಕೆ ಕಿತ್ತರು, 2004ರಲ್ಲಿ ಮನೋರಮಾ ಮಧ್ವರಾಜ್ ಮತ್ತೆ ನೆಟ್ಟರು. ಉಡುಪಿ ಕ್ಷೇತ್ರದ ಕೊನೆಯ ಸಂಸದೆ ಅವರೇ. ಅಲ್ಲಿಯ ತನಕ ಬೈಂದೂರು, ಕುಂದಾಪುರ, ಬ್ರಹ್ಮಾವರ ಒಂದೇ ಪೆಟ್ಟಿಗೆಗೆ ವೋಟು ಹಾಕುತ್ತಿದ್ದವು. ಬ್ರಹ್ಮಾವರವನ್ನು ಅಳಿಸಿದ ಅದೇ ಮರುವಿಂಗಡಣೆ ಬೈಂದೂರನ್ನು ಶಿವಮೊಗ್ಗಕ್ಕೆ ಸೇರಿಸಿತು.

ಹಿಂದೆ ಬಂದು ಬೈಂದೂರಿನ ಬಸ್ಸು ಹತ್ತಿ. ಸಂಗಮದ ಬಳಿ ಸೇತುವೆ ದಾಟಿ ಹೆಮ್ಮಾಡಿಗೆ ಬರುವಷ್ಟರಲ್ಲಿ ಗೆರೆ ಹಿಂದೆ ಬಿದ್ದಿರುತ್ತದೆ. ಎಲ್ಲಿ ಬಿತ್ತು ಎಂದು ಹೇಳಲು ಅಲ್ಲಿ ಕಲ್ಲಿಲ್ಲ, ಫಲಕವಿಲ್ಲ. ಅದೇ ತೆಂಗು, ಅದೇ ಕೆಂಪು ಹಂಚು, ಅದೇ ಕುಂದಾಪ್ರ ಕನ್ನಡ. ಆದರೆ ಕಿವಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ, ಇಲ್ಲಿ ಪ್ರಚಾರದ ಕಾಲ ಇನ್ನೂ ಮುಗಿದಿಲ್ಲ. ಮೈಕು ಕಟ್ಟಿದ ರಿಕ್ಷಾ ಎದುರಾಗುತ್ತದೆ. ಬಿ.ವೈ. ರಾಘವೇಂದ್ರ, ಗೀತಾ ಶಿವರಾಜಕುಮಾರ್, ಬಂಡೆದ್ದು ಪಕ್ಷೇತರರಾಗಿ ನಿಂತ ಕೆ.ಎಸ್. ಈಶ್ವರಪ್ಪ. ಬಸ್ಸಿನ ಬಾಗಿಲಲ್ಲಿ ನಿಂತವರೊಬ್ಬರು ಒಳಗಿದ್ದ ಪರಿಚಯದವರನ್ನು ಕೇಳುತ್ತಾರೆ, "ಹ್ವಾಯ್, ಓಟ್ ಹಾಕಿ ಆಯ್ತಾ?" ಒಳಗಿನವರು ಬೆರಳು ಎತ್ತಿ ತೋರಿಸುತ್ತಾರೆ. "ನಮ್ದ್ ಇನ್ನ್ ಹನ್ನೊಂದ್ ದಿವ್ಸ ಇತ್ತ್ ಮಾರ್ರೆ."

ಬೈಂದೂರಿನವರ ಅದೃಷ್ಟವೋ ಕರ್ಮವೋ, 2009ರಿಂದ ಈಚೆಗೆ ಅವರು ಕಂಡ ಲೋಕಸಭಾ ಚುನಾವಣೆಯೆಲ್ಲ ಘಟ್ಟದ ಮೇಲಿನ ಎರಡು ಮನೆಗಳ ಕದನ. ಮೊದಲ ಸಲ ಶಿಕಾರಿಪುರದ ರಾಘವೇಂದ್ರರಿಗೆ ಎದುರು ಸೊರಬದ ಎಸ್. ಬಂಗಾರಪ್ಪ. 2014ರಲ್ಲಿ ರಾಘವೇಂದ್ರರ ತಂದೆ ಯಡಿಯೂರಪ್ಪ ಸ್ವತಃ. ಎದುರಿದ್ದವರಲ್ಲಿ ಬಂಗಾರಪ್ಪನವರ ಮಗಳು ಗೀತಾ. 2018 ಮತ್ತು 2019ರಲ್ಲಿ ರಾಘವೇಂದ್ರ, ಎದುರು ಬಂಗಾರಪ್ಪನವರ ಮಗ ಮಧು. ಈಗ ಮತ್ತೆ ಗೀತಾ, ಜೊತೆಗೆ ಪ್ರಚಾರಕ್ಕೆ ಪತಿ, ನಟ ಶಿವರಾಜಕುಮಾರ್. ಈ ತನಕ ಅಷ್ಟೂ ಸಲ ಗೆದ್ದದ್ದು ಶಿಕಾರಿಪುರದ ಮನೆಯೇ. ವಿಧಾನಸಭೆಯಲ್ಲಿ ಮಾತ್ರ ಬೈಂದೂರು ತನ್ನ ಮನಸ್ಸನ್ನು ತಾನೇ ಇಟ್ಟುಕೊಂಡಿದೆ: 2008ರಲ್ಲಿ ಬಿಜೆಪಿಯ ಲಕ್ಷ್ಮೀನಾರಾಯಣ, 2013ರಲ್ಲಿ ಕಾಂಗ್ರೆಸ್ಸಿನ ಗೋಪಾಲ ಪೂಜಾರಿ, 2018ರಲ್ಲಿ ಸುಕುಮಾರ ಶೆಟ್ಟಿ, 2023ರಲ್ಲಿ ಗುರುರಾಜ ಗಂಟಿಹೊಳೆ. 2008ರಿಂದ ಈಚೆಗೆ ಒಬ್ಬರನ್ನೂ ಎರಡನೇ ಸಲ ಬೆನ್ನುಬೆನ್ನಿಗೆ ಗೆಲ್ಲಿಸಿಲ್ಲ. ಹೊಳೆಯ ಆಚೆ ಹಾಲಾಡಿ ಶ್ರೀನಿವಾಸ ಶೆಟ್ಟರನ್ನು ಕುಂದಾಪುರ 1999ರಿಂದ ಐದು ಬಾರಿ ಬಿಡದೆ ಗೆಲ್ಲಿಸಿತು, 2013ರಲ್ಲಿ ಪಕ್ಷ ಬಿಟ್ಟು ನಿಂತಾಗಲೂ.

ರಾಜಕೀಯ ಪಂಡಿತರು ಈ ಜೋಡಣೆಯ ಒಳಗೆ ಜಾತಿಯ ಲೆಕ್ಕ ಹುಡುಕುತ್ತಾರೆ. ಬೈಂದೂರಿನ ಬಿಲ್ಲವರು, ಸಾಗರ-ಸೊರಬದ ಈಡಿಗರು, ದೀವರು, ಕಡಲ ಬದಿಯ ಮೊಗವೀರರು, ಖಾರ್ವಿಗಳು, ಒಳನಾಡಿನ ಬಂಟರು, ಶಿರೂರು, ಗಂಗೊಳ್ಳಿಯ ಮುಸ್ಲಿಮರು, ಶಿಕಾರಿಪುರದ ಲಿಂಗಾಯತರು. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಕೂಡುತ್ತದೆ. ಪೆಟ್ಟಿಗೆ ತೆರೆದಾಗ ಬೇರೇನೋ ಹೇಳುತ್ತದೆ.

ತ್ರಾಸಿ ದಾಟಿದಿರಿ. ಮರವಂತೆ. ಈಗ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಬಸ್ಸಿನಲ್ಲಿ ದಿನಾ ಓಡಾಡುವವರೂ ಮೊಬೈಲಿನಿಂದ ಒಮ್ಮೆ ತಲೆ ಎತ್ತುತ್ತಾರೆ. ಬಲಗಡೆಯ ಆ ನೀರು ಕೊಲ್ಲೂರಿನ ಕಾಡಿನಿಂದ ಬಂದದ್ದು. ಅದರ ಬೆನ್ನು ಹಿಡಿದು ಹೋದರೆ ಕೊಡಚಾದ್ರಿಯ ಬುಡ. ಕೊಲ್ಲೂರು ಉಡುಪಿ ಜಿಲ್ಲೆ, ಕೊಡಚಾದ್ರಿ ಶಿವಮೊಗ್ಗ ಜಿಲ್ಲೆ, ಸಂಸದರು ಮಾತ್ರ ಎರಡಕ್ಕೂ ಒಬ್ಬರೇ. ಬಿದನೂರಿನಿಂದ ಆಳಿದ ಕೆಳದಿಯ ನಾಯಕರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ. ಮೇಲಿನ ಮೆಣಸು, ಕೆಳಗಿನ ಅಕ್ಕಿ, ಬಸ್ರೂರಿನ ಬಂದರು, ಎಲ್ಲ ಅವರ ಒಂದೇ ಲೆಕ್ಕದ ಪುಸ್ತಕದಲ್ಲಿತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವ ತನಕ ಈ ಕಡಲ ತೀರ ಘಟ್ಟದ ಕಡೆಗೇ ಮುಖಮಾಡಿತ್ತು. ಆದ್ದರಿಂದ "ಬೈಂದೂರಿಗೂ ಶಿವಮೊಗ್ಗಕ್ಕೂ ಎಂಥ ಸಂಬಂಧ" ಎಂಬ ಗೊಣಗಾಟವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಇತಿಹಾಸದಲ್ಲಿ ಸಂಬಂಧವಿದೆ. ಇಲ್ಲದಿರುವುದು ದಿನನಿತ್ಯದ ಬದುಕಿನಲ್ಲಿ. ಬೈಂದೂರಿನವನಿಗೆ ಕಾಯಿಲೆಯಾದರೆ ಮಣಿಪಾಲ, ಕಾಗದಪತ್ರಕ್ಕೆ ಉಡುಪಿಯ ಜಿಲ್ಲಾಧಿಕಾರಿ, ರೈಲಿಗೆ ಕೊಂಕಣ ರೈಲ್ವೆ. ಸಂಸದರಿಗೆ ಮಾತ್ರ ನಾಗೋಡಿ ಘಾಟಿ ಹತ್ತಬೇಕು. ಅವನ ವೋಟು ಹೊತ್ತ ಯಂತ್ರಗಳೂ ಎಣಿಕೆಗೆ ಘಟ್ಟವನ್ನೇ ಹತ್ತುತ್ತವೆ.

ಬೈಂದೂರು ಪೇಟೆ ದಾಟಿ ಶಿರೂರು. ಇಲ್ಲಿಗೆ ಉಡುಪಿ ಜಿಲ್ಲೆ ಮುಗಿಯಿತು. ಮುಂದೆ ಭಟ್ಕಳ, ಉತ್ತರ ಕನ್ನಡ. ಈ ಗಡಿಗೂ ವಯಸ್ಸಾಗಿದೆ. ಬ್ರಿಟಿಷರು ಕೆನರಾವನ್ನು ಎರಡು ಮಾಡಿದಾಗ ಕುಂದಾಪುರ ತಾಲೂಕು ಮೊದಲು ಉತ್ತರ ಕೆನರಾದ ಜೊತೆಗಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಗುವಾಗ ಈ ತಾಲೂಕನ್ನು ಮಾತ್ರ ಕಿತ್ತು ಮದರಾಸಿನಲ್ಲಿ ಉಳಿಸಿಕೊಂಡರು. 1956ರ ನವೆಂಬರ್ 1ರ ವರೆಗೂ ಶಿರೂರಿನ ಆಚೆ ಬೇರೆ ರಾಜ್ಯ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರ ವಿರೋಧಿಸಿ ಲೋಕಸಭೆಗೆ ನಿಂತದ್ದು ಈ ಗಡಿಯ ಆಚೆಯ ಕ್ಷೇತ್ರದಲ್ಲಿ. ಗೆಲ್ಲಲಿಲ್ಲ.

ಚಹಾದಂಗಡಿಯ ಬೆಂಚಿನಲ್ಲಿ ಕೂತರೆ ಮಾತು ಜೂನ್ 4ರ ಫಲಿತಾಂಶದ ಸುತ್ತ ಸುತ್ತುತ್ತದೆ. ಆ ದಿನ ಶ್ರೀನಿವಾಸ ಪೂಜಾರಿ ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಿಂದ, ರಾಘವೇಂದ್ರ ಮತ್ತೊಮ್ಮೆ ಗೆಲ್ಲಲಿದ್ದಾರೆ; ಬೆಂಚಿನ ಮೇಲಿನವರಿಗೆ ಅದಿನ್ನೂ ಗೊತ್ತಿಲ್ಲ, ಪಂಥ ಕಟ್ಟುತ್ತಿದ್ದಾರೆ. ಪೇಪರ್ ಓದುತ್ತಿದ್ದವರೊಬ್ಬರು ಮುಂದಿನ ಮರುವಿಂಗಡಣೆಯ ಸುದ್ದಿ ತೆಗೆಯುತ್ತಾರೆ. 2026ರ ನಂತರದ ಜನಗಣತಿ ಬಂದ ಮೇಲೆ ಗೆರೆಗಳು ಮತ್ತೆ ಬದಲಾಗುತ್ತವಂತೆ, ಜನಸಂಖ್ಯೆ ಕಡಿಮೆ ಇದ್ದಲ್ಲಿ ಸ್ಥಾನವೂ ಕಡಿಮೆಯಂತೆ. ಗ್ಲಾಸು ತೊಳೆಯುತ್ತಿದ್ದ ಅಂಗಡಿಯವರು ತಲೆ ಎತ್ತದೆ ಹೇಳುತ್ತಾರೆ, "ಈ ಸಲ ನಮ್ಮನ್ ಕಾರ್ವಾರಕ್ಕೆ ಹಾಕ್ತ್ರೋ ಏನೋ. ಅದಾರೆ ಘಾಟಿ ಹತ್ತುದ್ ತಪ್ತ್."