ಮೊಬೈಲ್ ನೋಡಿಕೊಡುವವರು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಯಾವ ಹಳ್ಳಿಗೆ ಹೋದರೂ ಓಣಿಗೊಬ್ಬರು ಇಂಥವರು ಸಿಗುತ್ತಾರೆ. ಕಾಲೇಜಿಗೆ ಹೋಗುವ ಹುಡುಗ, ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿ, ಹುಬ್ಬಳ್ಳಿಯ ಅಂಗಡಿಯಲ್ಲಿ ಬಿಲ್ ಮಾಡುವ ಅಳಿಯ, ಪಂಚಮಿಗೆ ಬೆಂಗಳೂರಿನಿಂದ ಬಂದ ಇಂಜಿನಿಯರ್ ಮಗ. ಅವರಿಗೆ ಹುದ್ದೆಯಿಲ್ಲ, ಬೋರ್ಡಿಲ್ಲ, ವೇಳೆ ಇಷ್ಟೇ ಎಂಬ ಕಟ್ಟಿಲ್ಲ. "ತಮ್ಮಾ, ಏನೋ ಮೆಸೇಜ್ ಬಂದೈತಿ, ಸ್ವಲ್ಪ ನೋಡಿಕೊಡಪಾ" ಎಂದು ಕಾಕಾ ಫೋನ್ ಚಾಚಿದರೆ ಊಟದ ತಾಟು ಬದಿಗೆ ಸರಿಸಿ ನೋಡುತ್ತಾರೆ. ಬಲ್ಲವರು ಬಾರದವರಿಗೆ ಮಾಡುವ ಸಣ್ಣ ಉಪಕಾರ ಎಂದು ನಾವೆಲ್ಲ ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಆ ಮಾತು ಅರ್ಧವೂ ನಿಜವಲ್ಲವೆಂದು ನನಗೆ ಅನಿಸುತ್ತದೆ. ಈ ಮಕ್ಕಳು ಮಾಡುವ ಕೆಲಸದಲ್ಲಿ ಕಂಪ್ಯೂಟರ್ ವಿದ್ಯೆಯ ಪಾಲು ಬಹಳ ಕಡಿಮೆ. ಕೂಡಿ ಬಾಳುವ ಒಂದು ಮನೆತನವನ್ನು ಸರ್ಕಾರದ ಪರದೆ ಕೇಳುವ ಒಬ್ಬ ಅರ್ಜಿದಾರನ ಅಚ್ಚಿಗೆ ಹೊಂದಿಸುವುದೇ ಅವರ ನಿಜವಾದ ದುಡಿಮೆ. ಆಡಳಿತದ ಕಟ್ಟಕಡೆಯ ಮೆಟ್ಟಿಲಿನ ಕೆಲಸ ಅದು, ಪಗಾರವಿಲ್ಲದೆ ನಡೆದಿದೆ.

ಪರದೆ ಕೇಳುವುದೇನು? ಒಬ್ಬ ಮನುಷ್ಯ, ಅವನದೇ ಫೋನ್, ಅದರಲ್ಲಿ ಅವನದೇ ಸಿಮ್, ಎಲ್ಲ ಕಾಗದದಲ್ಲೂ ಅಕ್ಷರ ತಪ್ಪದ ಒಂದೇ ಹೆಸರು. ನಮ್ಮ ಕಡೆ ಹೆಸರು ಹಾಗಿರುವುದಿಲ್ಲ. ಆಧಾರದಲ್ಲಿ ಯಲ್ಲವ್ವ, ರೇಷನ್ ಕಾರ್ಡಿನಲ್ಲಿ ಯಲ್ಲಮ್ಮ, ಉತಾರದಲ್ಲಿ ಯಲ್ಲವ್ವ ಕೋಂ ಫಕ್ಕೀರಪ್ಪ, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮೊದಲು, ಹೆಸರು ಆಮೇಲೆ. ಕನ್ನಡದ ಒಂದೇ ‘ವ್ವ’ ಇಂಗ್ಲಿಷಿಗೆ ಹೋದರೆ ಎರಡು ‘ವಿ’ ಆದೀತು, ಎರಡು ‘ಡಬ್ಲ್ಯು’ ಆದೀತು, ಒಂಟಿ ‘ವಿ’ಯೂ ಆದೀತು. ಅಂದು ಟೈಪು ಮಾಡಿದ ಆಪರೇಟರನಿಗೆ ತೋಚಿದ್ದೇ ಹೆಸರಾಯಿತು. ಊರಲ್ಲಿ ಈ ಯಲ್ಲವ್ವ ಯಾರೆಂದು ಸಣ್ಣ ಕೂಸಿಗೂ ಗೊತ್ತು. ಪರದೆಗೆ ಮಾತ್ರ ನಾಲ್ಕು ಮಂದಿ ಕಾಣುತ್ತಾರೆ. ನೋಡಿಕೊಡುವವರು ಆ ನಾಲ್ಕು ಕಾಗದಗಳನ್ನು ಪಡಸಾಲೆಯ ನೆಲದ ಮೇಲೆ ಸಾಲಾಗಿ ಹರವಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿ, ಯಾವುದನ್ನು ಮೊದಲು ತಿದ್ದಿಸಿದರೆ ಉಳಿದವು ದಾರಿಗೆ ಬರುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಇನ್ನು ಹೊಲದ ಮಾತು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಮೂರು ಕಂತಿನಲ್ಲಿ ಬರಬೇಕಾದರೆ ಭೂಮಿ ಅರ್ಜಿದಾರನ ಹೆಸರಿಗಿರಬೇಕು. ಅಜ್ಜ ತೀರಿ ಇಪ್ಪತ್ತು ವರ್ಷವಾದರೂ ವಾರಸಾ ಹಚ್ಚದ ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. "ಇದು ಮೊಬೈಲಿನಾಗ ಆಗೂದಲ್ಲ ಕಾಕಾ, ಮೊದಲ ವಾರಸಾ ಆಗಬೇಕು" ಎನ್ನುವ ಮಾತು ಹಿಸ್ಸೆಯ ತಕರಾರಿಗೆ ಕೈ ಹಾಕಿದಂತೆ. ಹದಿನೆಂಟರ ಹುಡುಗ ಅದನ್ನು ಅಣ್ಣತಮ್ಮಂದಿರ ಮುಂದೆ ಆಡಬೇಕಾಗುತ್ತದೆ.

‘ರೊಕ್ಕ ಬಂದಿಲ್ಲ’ ಎಂಬ ದೂರನ್ನು ಬಿಡಿಸಿ ನೋಡಿದರೆ ಈ ದುಡಿಮೆ ಎಂಥದೆಂಬುದು ಇನ್ನೂ ಸ್ಪಷ್ಟವಾಗುತ್ತದೆ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಹೆಣ್ಣುಮಗಳಿಗೆ ತಿಂಗಳಿಗೆ 2,000 ರೂಪಾಯಿ. ಆಧಾರದ ದಾರಿಯಲ್ಲಿ ಬರುವ ಹಣ ಆಕೆ ಕೈಯಲ್ಲಿ ಹಿಡಿದಿರುವ ಪಾಸ್‌ಬುಕ್ಕಿಗೇ ಬರುತ್ತದೆಂದು ಹೇಳುವ ಹಾಗಿಲ್ಲ. ಆಧಾರಕ್ಕೆ ಕೊನೆಯ ಸಲ ಯಾವ ಖಾತೆ ಜೋಡಿಸಲಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅದು ಎಂದೋ ಕ್ಯಾಂಪಿನಲ್ಲಿ ತೆಗೆಸಿದ ಅಂಚೆ ಬ್ಯಾಂಕಿನ ಖಾತೆಯೂ ಆಗಿರಬಹುದು. ಬ್ಯಾಂಕುಗಳೂ ನಿಂತಲ್ಲಿ ನಿಂತಿಲ್ಲ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು, ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು 2021ರ ಜುಲೈ 1ರಿಂದ ನಡೆಯದಾದವು. ಧಾರವಾಡದಲ್ಲೇ ಮುಖ್ಯ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆತುಹೋಯಿತು. ಸಿಮ್ಮಿನ ಕಥೆ ಬೇರೆ: ರಿಚಾರ್ಜ್ ಮಾಡದೆ ಬಿಟ್ಟರೆ ಕೆಲವು ತಿಂಗಳಲ್ಲಿ ಬಂದಾಗಿ, ನಂಬರು ಇನ್ಯಾರದೋ ಪಾಲಾಗುತ್ತದೆ, ಓಟಿಪಿಯೂ ಅದರ ಹಿಂದೆ ಹೋಗುತ್ತದೆ. ಇಷ್ಟೆಲ್ಲ ಗಂಟನ್ನು ಬಿಡಿಸಲು ಬೇಕಾದದ್ದು ಆ ಮನೆಯ ನೆನಪು. ಯಾವ ವರ್ಷ ಯಾವ ಸಾಲಕ್ಕೆ ಯಾವ ಬ್ಯಾಂಕಿನ ಬಾಗಿಲು ತಟ್ಟಿದ್ದು, ಯಾವ ಸಿಮ್ ಯಾವ ಮಗನ ಜೊತೆ ದುಡಿಯಲು ಗೋವೆಗೆ ಹೋಯಿತು ಎಂಬುದು ಗೊತ್ತಿಲ್ಲದವನಿಗೆ ಎಷ್ಟೇ ಕಂಪ್ಯೂಟರ್ ಬಂದರೂ ಇಲ್ಲಿ ಉಪಯೋಗವಿಲ್ಲ.

‘ಕಲಿತುಕೊಳ್ಳಲಿ, ಯೂಟ್ಯೂಬ್ ನೋಡಲು ಬರುತ್ತದಲ್ಲ’ ಎನ್ನುವವರಿದ್ದಾರೆ. ಬರುತ್ತದೆ, ನಿಜ. ಹೆಸರುಕಾಳಿನ ಧಾರಣಿ ನೋಡುವುದು, ಮಗಳಿಗೆ ವಿಡಿಯೋ ಕಾಲ್ ಮಾಡುವುದು, ಭಜನೆ ಕೇಳುವುದು ಇವನ್ನೆಲ್ಲ ಹಿರಿಯರು ಯಾರ ಹಂಗೂ ಇಲ್ಲದೆ ಕಲಿತಿದ್ದಾರೆ. ಇದೇನೂ ಅಕ್ಷರ ಬಾರದವರ ಸೀಮೆಯಲ್ಲ, 2011ರ ಜನಗಣತಿಯಲ್ಲೇ ಜಿಲ್ಲೆಯ ಸಾಕ್ಷರತೆ ಶೇ 80ರಷ್ಟಿತ್ತು. ಆದರೆ ಹಿರಿಯರು ತಾವಾಗಿ ಕಲಿತಿರುವುದೆಲ್ಲ ತಪ್ಪಿದರೆ ಏನೂ ಕಳೆದುಕೊಳ್ಳದ ಕೆಲಸ. ಬೆಳೆವಿಮೆ ಹಾಗಲ್ಲ. ಸರ್ವೆ ನಂಬರಿನ ಮುಂದೆ ಹತ್ತಿ ಎಂದು ಕಂತು ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಅದೇ ಹೊಲ ಗೋವಿನಜೋಳವೆಂದು ದಾಖಲಾದರೆ ಪರಿಹಾರದ ಹೊತ್ತಿಗೆ ಅರ್ಜಿ ತಿರಸ್ಕಾರವಾಗುತ್ತದೆ. ಒಂದು ತಪ್ಪು ಒತ್ತಿಗೆ ಒಂದು ಹಂಗಾಮೇ ಹೋಗುವ ಕಡೆ ಯಾವ ಬುದ್ಧಿವಂತನೂ ಇನ್ನೊಬ್ಬರನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಾನೆ. ಎತ್ತು ಕೊಳ್ಳುವಾಗ ನಾಲ್ಕು ಜನರನ್ನು ಕರೆದೊಯ್ಯುವ ರೈತನನ್ನು ದಡ್ಡನೆಂದು ಯಾರೂ ಅನ್ನುವುದಿಲ್ಲ.

‘ಗ್ರಾಮ ಒನ್ ಇದೆಯಲ್ಲ’ ಎಂಬುದು ಇದಕ್ಕಿಂತ ತೂಕದ ಮಾತು. 2022ರಿಂದ ಪಂಚಾಯ್ತಿ ಮಟ್ಟದಲ್ಲಿ ಆ ಕೇಂದ್ರಗಳು ತೆರೆದಿವೆ, ತಾಲೂಕಿನ ಓಡಾಟವನ್ನು ಅವು ಉಳಿಸಿವೆ, ಅದನ್ನು ಒಪ್ಪಬೇಕು. ಆದರೆ ಅವುಗಳ ಕೆಲಸ ಕಾಗದಗಳು ಒಂದಕ್ಕೊಂದು ಹೊಂದಿದ ಮೇಲೆ ಶುರುವಾಗುತ್ತದೆ. ಹಿಂದೆ ಸಾಲು ನಿಂತಿರುವಾಗ ಯಲ್ಲವ್ವನ ಮನೆತನದ ಚರಿತ್ರೆ ಕೇಳುತ್ತ ಕೂಡಲು ಕೌಂಟರಿನವರಿಗೆ ಪುರಸೊತ್ತಿರುವುದಿಲ್ಲ. "ಹೆಸರು ಮ್ಯಾಚ್ ಆಗವಲ್ದು" ಎಂದು ಅವರು ಕಾಗದ ತಿರುಗಿಸಿ ಕೊಟ್ಟ ಮೇಲೆ ಮತ್ತೆ ಅದೇ ಪಡಸಾಲೆ, ಅದೇ ಹುಡುಗಿ. ಇದು ಕೂಲಿ ಕೊಡಬೇಕಾದ ದುಡಿಮೆ ಎಂಬುದು ಸರ್ಕಾರಕ್ಕೆ ತಿಳಿಯದ್ದೇನೂ ಅಲ್ಲ. ಬೆಳೆ ಸಮೀಕ್ಷೆಯಲ್ಲಿ ಹೊಲಹೊಲಕ್ಕೆ ನಡೆದು ಆ್ಯಪಿನಲ್ಲಿ ಫೋಟೋ ಏರಿಸಲು ಊರಿನ ಯುವಕರನ್ನೇ ‘ಖಾಸಗಿ ನಿವಾಸಿ’ ಎಂದು ನೇಮಿಸಿ ತಾಕಿಗಿಷ್ಟು ಎಂದು ಸಂಭಾವನೆ ಕೊಡುತ್ತಾರೆ. ಸರ್ಕಾರಕ್ಕೆ ಮಾಹಿತಿ ಬೇಕಾದಾಗ ಮೊಬೈಲ್ ಒತ್ತುವುದು ದುಡಿಮೆ. ಮನೆಯವರಿಗೆ ಸೌಲಭ್ಯ ಬೇಕಾದಾಗ ಅದೇ ಒತ್ತುವಿಕೆ ಪ್ರೀತಿ. ಈ ಭೇದ ಸರಿಯಲ್ಲ.

ಪ್ರೀತಿಯಾದರೆ ತಪ್ಪೇನು, ದೊಡ್ಡವ್ವನ ಫೋನ್ ನೋಡಿಕೊಡಲು ದರ ಹಚ್ಚಬೇಕೇ ಎಂದು ಕೇಳಬಹುದು. ಹಚ್ಚಬಾರದು. ನನ್ನ ತಕರಾರು ಪ್ರೀತಿ ಮುಟ್ಟದ ಮನೆಗಳ ಬಗ್ಗೆ. ಮಕ್ಕಳಿಲ್ಲದ ಮುದುಕಿ, ಮಗ ಗುಳೆ ಹೋದ ಮನೆ, ಓಣಿಯಲ್ಲಿ ಒಬ್ಬರೂ ಕಾಲೇಜು ಕಾಣದ ಕೇರಿ, ಇವರಿಗೆ ಯಾರು ನೋಡಿಕೊಡಬೇಕು? ಹಕ್ಕಿನ ಹಣ ಬಳಗದ ಕಾಲುವೆಯಲ್ಲೇ ಹರಿಯುವುದಾದರೆ, ಮಲಪ್ರಭೆಯ ನೀರಿನ ವಿಷಯದಲ್ಲಿ ಈ ಸೀಮೆ ಕಂಡದ್ದೇ ಇಲ್ಲಿಯೂ ಆಗುತ್ತದೆ. ಕಾಲುವೆಯ ತುದಿಯ ಹೊಲ ಒಣಗಿ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನೋಡಿಕೊಡುವವರಿಗೆ ಎಲ್ಲವೂ ಕಾಣುತ್ತದೆ: ಬಾಕಿ, ಸಾಲ, ಹೆಣ್ಣುಮಗಳು ಮನೆಯವರಿಗೆ ಹೇಳದೆ ಕೂಡಿಟ್ಟ ಐದು ಸಾವಿರ. ಆಕೆಯ ಖಾತೆಗೆ ಗಂಡನ ನಂಬರು ಜೋಡಿಸಿದ್ದರೆ ಆಕೆಯ ಹಣದ ಸುದ್ದಿ ಆಕೆಗಿಂತ ಮೊದಲು ಅವನಿಗೆ ಮುಟ್ಟುತ್ತದೆ. ಹತ್ತಿರದವರು ಪಿನ್ ಕೇಳಿದಾಗ ಕೊಟ್ಟು ರೂಢಿಯಾದ ನಾಲಗೆ ದೂರದವನು ಫೋನಿನಲ್ಲಿ ಕೇಳಿದಾಗಲೂ ಹೇಳಿಬಿಡುತ್ತದೆ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಬರುವ ಎಪಿಕೆ ಫೈಲುಗಳು ಈ ರೂಢಿಯನ್ನೇ ನಂಬಿಕೊಂಡಿವೆ. ಮೋಸವಾಯಿತೆಂದು ತಿಳಿದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂಬುದು ಎಷ್ಟು ಮನೆಗಳಿಗೆ ಗೊತ್ತಿದೆ?

ದಾಖಲೆ ಒಬ್ಬರೇ ಓದಬಲ್ಲ ವಸ್ತುವಾದರೆ ಏನಾಗುತ್ತದೆ ಎಂಬುದನ್ನು ಈ ನಾಡು ಕಂಡಿದೆ. ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಕುಲಕರ್ಣಿಯ ಕೈಯಲ್ಲಿತ್ತು. ಮುಂಬಯಿ ಸರ್ಕಾರದ 1950ರ ಕಾಯ್ದೆ ಆ ವತನವನ್ನು ತೆಗೆಯಿತು, ಲೆಕ್ಕ ತಲಾಠಿಯ ಪಾಲಾಯಿತು. ಶತಮಾನ ತಿರುಗುವ ಹೊತ್ತಿಗೆ ‘ಭೂಮಿ’ ಯೋಜನೆ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಕೈಬರಹದ ಪಹಣಿ ನಿಂತುಹೋಯಿತು. ಆ ಕೌಂಟರುಗಳಲ್ಲಿ ಬಹಳ ಒಳ್ಳೆಯದೊಂದು ಏರ್ಪಾಡಿತ್ತು: ಆಪರೇಟರನ ಮುಂದೊಂದು ಪರದೆ, ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ಹೊಲದ ಮೇಲೆ ಏನು ಬರೆಯಲಾಗುತ್ತಿದೆ ಎಂಬುದನ್ನು ರೈತ ನಿಂತಲ್ಲೇ ನೋಡಬಹುದಿತ್ತು. ಕೆಲಸವೆಲ್ಲ ಮೊಬೈಲಿಗೆ ಇಳಿದ ಮೇಲೆ ಆ ಎರಡನೆಯ ಪರದೆ ಇಲ್ಲವಾಯಿತು.

ಅದು ಮತ್ತೆ ಬರಬೇಕು. ಅರ್ಜಿ ತಿರಸ್ಕರಿಸುವ ಸಂದೇಶ ಯಾವ ಕಾಗದದ ಯಾವ ಅಕ್ಷರ ಹೊಂದಿಲ್ಲ ಎಂದು ತಿಳಿಗನ್ನಡದಲ್ಲಿ ಹೇಳಬೇಕು. ಪಂಚಾಯ್ತಿ ಗ್ರಂಥಾಲಯದಲ್ಲಿ ವಾರಕ್ಕೆರಡು ಸಂಜೆ ಪಗಾರದ ಮೇಲೆ ಒಬ್ಬರು ಕೂಡಬೇಕು, ಬಳಗವಿಲ್ಲದವರೂ ಅಲ್ಲಿಗೆ ಹೋಗುವಂತಾಗಬೇಕು. ಐಐಟಿ, ಐಐಐಟಿ ಎರಡೂ ಇರುವ ಜಿಲ್ಲೆ ಇದು. ಹೊಸ ಆ್ಯಪುಗಳನ್ನು ಮೊದಲು ಕಲಘಟಗಿಯ ಸಂತೆಯಲ್ಲಿ ನಾಲ್ಕು ಹೆಣ್ಣುಮಕ್ಕಳ ಕೈಗೆ ಕೊಟ್ಟು ನೋಡುವುದು ಕಷ್ಟದ ಕೆಲಸವಲ್ಲ. ಅಲ್ಲಿಯವರೆಗೆ, ನೋಡಿಕೊಡುವ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಒಂದು ವಿನಂತಿ. ಯಾವ ಖಾತೆ ಆಧಾರಕ್ಕೆ ಜೋಡಿಯಾಗಿದೆ, ಯಾವ ನಂಬರಿಗೆ ಓಟಿಪಿ ಬರುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಅವರ ಕೈಗೇ ಕೊಡಿ. ಪಿನ್ ಮಾತ್ರ ಬರೆಯಬೇಡಿ, ಅದನ್ನು ಅವರೇ ಒತ್ತಲಿ. ದೊಡ್ಡವ್ವ ಫೋನ್ ಹಿಡಿದು ಬಂದರೆ ಪಕ್ಕಕ್ಕೆ ಕೂಡಿಸಿಕೊಳ್ಳಿ, ಪರದೆಯನ್ನು ಇಬ್ಬರಿಗೂ ಕಾಣುವ ಹಾಗೆ ಹಿಡಿಯಿರಿ.